ಪುಟ್ಟಿ, ಆ ಭಯ ಇರಲಿ ಬಿಡು

ಮಂಡ್ಯ

ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆ ವಿಷಯವೆಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳುತ್ತಲೇ ಇರುತ್ತಾನೆ, ಅದು ಬೇಡ. ನಿನ್ನ ಕಾಗದದ ಕೊನೆಯಲ್ಲಿದ್ದ ಒಂದು ಮಾತು ಮಾತ್ರ ತಲೆಯಲ್ಲೇ ಕೂತುಬಿಟ್ಟಿದೆ. ನಿನ್ನ ರಿಮೋಟ್ ವಿಮಾನದ ಪೆಟ್ರೋಲ್ ಎಂಜಿನ್ ಸ್ಟಾರ್ಟ್ ಮಾಡಲು ಪ್ರೊಪೆಲ್ಲರ್ ಕೈಯಲ್ಲಿ ತಿರುವಲು ಹೋದರೆ ಕೈ ನಡುಗುತ್ತದೆ, ಗೆಳೆಯರು ನಗುತ್ತಾರೆ, ಭಯ ಹೋಗುವವರೆಗೂ ದಿನಾ ತಿರುವಿ ಅಭ್ಯಾಸ ಮಾಡ್ತೀನಿ ಅಂತ ಬರೆದಿದ್ದೀಯ. ಕೈ ನಡುಗಿದ್ದಕ್ಕೆ ನನಗೇನೂ ಅನ್ನಿಸಲಿಲ್ಲ. ಭಯ ಹೋಗಲಿ ಅಂತಿದ್ದೀಯಲ್ಲ, ಅದನ್ನು ಓದಿ ರಾತ್ರಿ ನಿದ್ದೆ ಹತ್ತಲಿಲ್ಲ.

ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡಲು ಹೊಸಬರನ್ನು ನಿಲ್ಲಿಸಿದರೆ ಅವರು ಮಾರು ದೂರ ನಿಂತು ಜಲ್ಲೆ ತಳ್ಳುತ್ತಿದ್ದರು. ಅವರಿಗೆ ಏನೂ ಆಗಲಿಲ್ಲ. ಬೆರಳು ಹೋಗಿದ್ದು ಹಳಬನಿಗೆ. ನನಗೆ ಕೆಲಸ ಕಲಿಸಿದವನೇ ಅವನು. ಯಾರ ಜೊತೆಗೋ ಮಾತಾಡುತ್ತಾ, ಗಾಣದ ಕಡೆ ತಿರುಗಿಯೂ ನೋಡದೆ, ಸಿಕ್ಕಿಕೊಂಡ ಸಿಪ್ಪೆ ಎಳೆಯಲು ಕೈ ಹಾಕಿದ. ಆಮೇಲೆ ಬೀಡಿಯನ್ನು ಹೆಬ್ಬೆರಳಿಗೂ ಕಿರುಬೆರಳಿಗೂ ನಡುವೆ ಹಿಡಿದು ಸೇದುತ್ತಿದ್ದ. ಗುರುತಿಲ್ಲದವರು ಬಂದರೆ ಆ ಕೈ ಟವೆಲ್ಲಿನ ಒಳಗೆ ಹೋಗುತ್ತಿತ್ತು.

ಗಾಣವಾದರೂ ನಿಧಾನಕ್ಕೆ ತಿರುಗುವ ವಸ್ತು. ನಿನ್ನದು 55 ಸಿಸಿ ಎಂಜಿನ್, 22 ಇಂಚಿನ ಪ್ರೊಪೆಲ್ಲರ್. ನಿಮಿಷಕ್ಕೆ 7000 ಸುತ್ತು ಅಂದರೆ ಅದರ ತುದಿ ಗಂಟೆಗೆ 700 ಕಿಲೋಮೀಟರಿಗಿಂತ ಜಾಸ್ತಿ ಓಡುತ್ತದೆ. ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ, ನಂಬಿಕೆ ಬಾರದೆ ಮತ್ತೆ ಹಾಕಿದೆ. ಅಷ್ಟು ಜೋರಾಗಿ ತಿರುಗುವಾಗ ಅದು ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ, ಅಲ್ವಾ?

ನಿಂತಿರುವಾಗಲೂ ಅದನ್ನು ನಂಬಬೇಡ. ಇಗ್ನಿಷನ್ ಬ್ಯಾಟರಿ ಆನ್ ಆಗಿದ್ದು, ಪ್ರೊಪೆಲ್ಲರಿನ ನಡುವಿನ ಹಬ್‌ನಲ್ಲಿರುವ ಆಯಸ್ಕಾಂತ ಸೆನ್ಸರ್ ಮುಂದೆ ಹಾದರೆ ಸಾಕು, ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಒಳಗೆ ಚೂರು ಪೆಟ್ರೋಲ್ ಉಳಿದಿದ್ದರೆ ಎಂಜಿನ್ ಹೊಡೆದುಬಿಡಬಹುದು. ನೀನು ಸುಮ್ನೆ ಬಟ್ಟೆ ತಗೊಂಡು ಒರೆಸುತ್ತಿರುತ್ತೀಯ. ಸ್ವಿಚ್ ಆಫ್ ಮಾಡಿದ್ದರೂ ಆನ್ ಇದೆ ಅಂತಲೇ ತಿಳಿದು ಮುಟ್ಟು. ಈ ಎಚ್ಚರ ಹುಟ್ಟುವುದೇ ಭಯದಿಂದ. ಅದಕ್ಕೇ ಮತ್ತೆ ಮತ್ತೆ ಹೇಳುತ್ತಿದ್ದೇನೆ.

ಡೀಸೆಲ್ ಎಂಜಿನ್ನಿನ ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಸುತ್ತ ಹಾಕದೆ ಉಳಿದ ಬೆರಳುಗಳ ಪಕ್ಕದಲ್ಲೇ ಇಡಬೇಕು ಅಂತ ನಮ್ಮಪ್ಪ ಹೇಳಿಕೊಟ್ಟಿದ್ದರು. ಎಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಉಳಿಯಲಿ ಅಂತ. ನೀನೂ ಪ್ರೊಪೆಲ್ಲರಿನ ಅಂಚಿಗೆ ಬೆರಳು ಮಡಚಬೇಡ. ಚರ್ಮದ ಗ್ಲೌಸ್ ಹಾಕಿಕೋ. ಎಂಜಿನ್ ಪಟ್ ಅಂದ ಮೇಲೆ ಚೋಕ್ ತೆಗೆಯುವುದನ್ನು ಮರೆಯಬೇಡ, ಇಲ್ಲದಿದ್ದರೆ ಪೆಟ್ರೋಲ್ ತುಂಬಿಕೊಂಡು ಸುಮ್ನೆ ತಿರುವಿ ತಿರುವಿ ಸುಸ್ತಾಗುತ್ತೀಯ. ಸುಸ್ತಾದ ಕೈಗೆ ಭಯವೂ ಇರುವುದಿಲ್ಲ.

ಅಪ್ಪನ ನೆನಪಾಯಿತು ನೋಡು. ಮೈಸೂರಿನಲ್ಲಿ ಓದುವಾಗ ನನಗೂ ಹಗುರವಾದ ಬಾಲ್ಸಾ ಮರ ಕೊರೆದು ವಿಮಾನ ಮಾಡುವ ಹುಚ್ಚಿತ್ತು. ಕಬ್ಬು ಕಟಾವಿಗೆ ಬಂತು, ಅಪ್ಪ ಬರಹೇಳಿದರು. ಒಂದು ಕಡೆಯ ರೆಕ್ಕೆ ಹಾಸ್ಟೆಲಿನ ಅಟ್ಟದ ಮೇಲೇ ಉಳಿಯಿತು. ಹೋಗಿ ತರಬಹುದಿತ್ತು, ತರಲಿಲ್ಲ. ನಿನ್ನ ವಿಮಾನದ ಫೋಟೋ ನೋಡಿದಾಗಲೆಲ್ಲ ಆ ರೆಕ್ಕೆ ಯಾರ ಒಲೆಗೆ ಹೋಯಿತೋ ಅನ್ನಿಸುತ್ತದೆ.

ನನಗೆ ಗೊತ್ತಿರುವುದು ಕಳೆ ಕತ್ತರಿಸುವ ಮೆಷಿನ್ ಅಷ್ಟೇ. ಅದೂ ಎರಡು ಸ್ಟ್ರೋಕಿನದೇ ಆದ್ದರಿಂದ ಸ್ವಲ್ಪ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡ. ಮೊದಲ ಟ್ಯಾಂಕುಗಳ ಪೆಟ್ರೋಲಿಗೆ ಆಯಿಲ್ ಎಷ್ಟು ಅಂತ ಕೈಪಿಡಿ ನೋಡಿಯೇ ಹಾಕು, ಗೆಳೆಯರ ಮಾತು ಕೇಳಬೇಡ. ಮೆಥನಾಲಿನಲ್ಲಿ ಓಡುವ ನಿನ್ನ ಹಳೇ ಗ್ಲೋ ಎಂಜಿನ್ನಿನ ಸಿಲಿಕೋನ್ ಪೈಪು ಪೆಟ್ರೋಲಿಗೆ ಆಗುವುದಿಲ್ಲ, ಉಬ್ಬಿ ಹಾಳಾಗುತ್ತದೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥೆನಾಲ್ ಬೇರೆ. ನಮ್ಮ ಕಬ್ಬಿನಿಂದಲೂ ಅದನ್ನು ಮಾಡುತ್ತಾರೆ, ಬೈಯುವ ಹಾಗೂ ಇಲ್ಲ! ಹಾರಿಸಿದ ಮೇಲೆ ಟ್ಯಾಂಕ್ ಖಾಲಿ ಮಾಡಿಡು. ರಿಮೋಟಿನ ರೇಡಿಯೋ ವಿಮಾನಕ್ಕೆ ಎಷ್ಟು ದೂರ ಕೇಳುತ್ತದೆ ಅಂತ ಎಂಜಿನ್ ಓಡುತ್ತಿರುವಾಗಲೂ ಪರೀಕ್ಷೆ ಮಾಡು, ಇಗ್ನಿಷನ್ ತರಲೆ ಮಾಡಿದರೆ ಆಗ ಗೊತ್ತಾಗುತ್ತದೆ.

ಸ್ಟಾರ್ಟ್ ಆದ ಮೇಲೆ ಹಿಂದಕ್ಕೆ ಬಂದು ನಿಲ್ಲು. ಪ್ರೊಪೆಲ್ಲರಿನ ನೇರಕ್ಕೆ ಪಕ್ಕದಲ್ಲಿ ಯಾರೂ ನಿಲ್ಲಬಾರದು, ನಗುವ ಗೆಳೆಯರೂ ಅಷ್ಟೇ. ಕಾರ್ಬುರೇಟರ್ ಸೂಜಿ ತಿರುಗಿಸುವುದಿದ್ದರೆ ಹಿಂದಿನಿಂದಲೇ ಕೈ ಹಾಕು. ರಿಮೋಟ್ ಕೊರಳಿಗೆ ಹಾಕಿಕೊಂಡು ಬಗ್ಗಬೇಡ, ಅದರ ಪಟ್ಟಿ ಜೋತಾಡುತ್ತದೆ. ದುಪಟ್ಟಾ ಮನೆಯಲ್ಲೇ ಇರಲಿ, ಜಡೆ ಮೇಲೆ ಕಟ್ಟು. ಹೆಣ್ಣುಮಗಳಿಗೆ ಉಪದೇಶ ಮಾಡುತ್ತಿದ್ದೇನೆ ಅಂದುಕೋಬೇಡ. ನನಗೆ ಜುಟ್ಟಿದ್ದಿದ್ದರೆ ನನಗೂ ಇದೇ ಹೇಳಿಕೊಳ್ಳುತ್ತಿದ್ದೆ.

ಸ್ಟಾರ್ಟ್ ಮಾಡುವಾಗ ವಿಮಾನದ ಬಾಲ ಹಿಡಿಯಲು ಯಾರೂ ಸಿಗಲ್ಲ ಅಂತಲೂ ಬರೆದಿದ್ದೀಯ. ಒಬ್ಬಳೇ ಸ್ಟಾರ್ಟ್ ಮಾಡಬೇಡ. ಭಾನುವಾರ ಬೆಳಗಿನ ರೈಲಿಗೆ ನಾನೇ ಬರುತ್ತೇನೆ. ಹಗ್ಗ, ಗೂಟ ತರುತ್ತೇನೆ, ಬಾಲಕ್ಕೆ ಅದನ್ನೂ ಕಟ್ಟೋಣ, ನಾನೂ ಹಿಡಿಯುತ್ತೇನೆ.

ಈ ಕಾಗದ ನಿಮ್ಮಪ್ಪನಿಗೆ ತೋರಿಸಬೇಡ. ಬೆರಳಿನ ಕತೆ ಓದಿದರೆ ವಿಮಾನವನ್ನೇ ಮಾರಿಸಿಬಿಟ್ಟಾನು.

ನಿನ್ನ ದೊಡ್ಡಪ್ಪ