ಡಿಸ್ಕ್ ಆಮೇಲೆ, ಮೊದಲು ಶೂ

ಆತ್ಮೀಯ ಓದುಗರಿಗೆ ನಮಸ್ಕಾರ.

ಮ್ಯಾಸಚೂಸೆಟ್ಸ್‌ನಲ್ಲಿ ಹಿಮ ಕರಗಿ ನೆಲವೆಲ್ಲ ಕೆಸರಾಗಿದೆ. ಮರ ಚಿಗುರುವಷ್ಟರಲ್ಲಿ ನಮ್ಮ ಕೂಟದವರು ಶನಿವಾರ ಬೆಳಗ್ಗೆ ಡಿಸ್ಕ್ ಗಾಲ್ಫ್ ಆಡಲು ಹೊರಟಿರುತ್ತಾರೆ. ಈ ಆಟ ನಮ್ಮವರಿಗೆ ಹಿಡಿಸಿದೆ ಅನ್ನೋದು ನನಗೆ ತುಂಬಾ ಸಂತೋಷದ ವಿಷಯ. ಅಜ್ಜ, ಮಗಳು, ಮೊಮ್ಮಗ ಮೂವರೂ ಒಟ್ಟಿಗೆ ಆಡಬಹುದಾದ ಆಟ ಎಷ್ಟಿವೆ ಹೇಳಿ? ಹೊಸದಾಗಿ ಸೇರುವವರು ಮಾತ್ರ ಮೊದಲು ಡಿಸ್ಕ್ ಬಗ್ಗೆ ಕೇಳುತ್ತಾರೆ. ಯಾವುದು ತಗೊಳ್ಳಲಿ, ಎಷ್ಟು ತಗೊಳ್ಳಲಿ ಅಂತ. ಹತ್ತಿರದಿಂದ ಬುಟ್ಟಿಗೆ ಹಾಕಲು ಒಂದು ಪಟರ್, ಮಧ್ಯಮ ದೂರಕ್ಕೆ ಒಂದು ಮಿಡ್‌ರೇಂಜ್ ಇದ್ದರೆ ಒಂದು ಸೀಸನ್ ಧಾರಾಳವಾಗಿ ಕಳೆಯಬಹುದು. ದುಡ್ಡು ಹಾಕಬೇಕಾದ್ದು ಕಾಲಿಗೆ. ಈ ಸಲದ ಸಂಪಾದಕೀಯ ಅದಕ್ಕೇ ಮೀಸಲು.

ಆಟ ನೋಡದವರಿಗೆ ಎರಡು ಮಾತು. ಗಾಲ್ಫ್‌ನ ಹಾಗೇ ಇಲ್ಲೂ ಸಾಮಾನ್ಯವಾಗಿ 18 ಹೋಲ್. ಚೆಂಡಿನ ಬದಲು ಕೈಯಿಂದ ಎಸೆಯುವ ತಟ್ಟೆಯಂಥ ಡಿಸ್ಕ್, ಗುಳಿಯ ಬದಲು ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿ. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕ್‌ನಲ್ಲಿ ಎಡ್ ಹೆಡ್ರಿಕ್ ಮೊದಲ ಕಾಯಂ ಕೋರ್ಸ್ ಮಾಡಿದರು. ಸರಪಳಿ ಬುಟ್ಟಿಯೂ ಅವರದೇ ಕಲ್ಪನೆ. ನಮಗೆ ಹತ್ತಿರದಲ್ಲಿ ಲೆಸ್ಟರ್ ಊರಿನ ಮೇಪಲ್ ಹಿಲ್ ಇದೆ. ದೊಡ್ಡ ದೊಡ್ಡ ಆಟಗಾರರು ಬಂದು ಆಡುವ ಜಾಗ ಅದು. ಬಾರ್ಡರ್‌ಲ್ಯಾಂಡ್ ಸ್ಟೇಟ್ ಪಾರ್ಕ್‌ನಲ್ಲೂ ಒಂದು ಕೋರ್ಸ್ ಇದೆ. ಅಲ್ಲಿ ಕಾಲಿಟ್ಟಲ್ಲೆಲ್ಲ ಕಲ್ಲು, ಬೇರು.

ಇಷ್ಟು ಹೇಳಿದ ಮೇಲೆ ಜನ ಅಂದುಕೊಳ್ಳೋದು ಹೀಗೆ: ಕಾಡಲ್ಲಿ ನಾಲ್ಕೈದು ಮೈಲಿ ನಡೆಯೋದು ತಾನೆ, ದಿನಾ ವಾಕಿಂಗ್‌ಗೆ ಹಾಕುವ ಶೂ ಸಾಕಲ್ವಾ? ನಡೆಯೋಕೆ ಸಾಕು. ಎಸೆಯೋಕೆ ಸಾಲದು. ಈ ಆಟದಲ್ಲಿ ಕಾಲಿಗೆ ಪೆಟ್ಟಾಗುವ ಹೊತ್ತು ಬೇರೆಯೇ ಇದೆ.

ಬಲಗೈಯಲ್ಲಿ ಬ್ಯಾಕ್‌ಹ್ಯಾಂಡ್, ಅಂದರೆ ಕೈಯನ್ನು ಎದೆಗೆ ಅಡ್ಡ ತಂದು ಬೀಸಿ, ಎಸೆಯುವವರ ಕಾಲನ್ನು ಒಮ್ಮೆ ಗಮನಿಸಿ ನೋಡಿ. ಬಲಗಾಲು ಮುಂದೆ, ಎಡಗಾಲು ಅದರ ಹಿಂದಿನಿಂದ ಅಡ್ಡ ಹಾಯ್ದು, ಮತ್ತೆ ಬಲಗಾಲು. ಆ ಕೊನೆಯ ಹೆಜ್ಜೆ ಬುಟ್ಟಿಗೆ ಹೆಚ್ಚುಕಮ್ಮಿ ಅಡ್ಡವಾಗಿ ಬೀಳುತ್ತದೆ. ಓಡಿ ಬಂದ ಮೈಭಾರವೆಲ್ಲ ಗಕ್ಕನೆ ಆ ಒಂದೇ ಪಾದದ ಮೇಲೆ ನಿಲ್ಲುತ್ತದೆ. ಕೈ ಬೀಸಿದ ಕೂಡಲೇ ಸೊಂಟ ತಿರುಗುತ್ತದೆ, ಜೊತೆಗೆ ಪಾದವೂ ಹಿಮ್ಮಡಿಯ ಮೇಲೆ ಗರಕ್ಕನೆ ತಿರುಗಬೇಕು. ಪಾದ ತಿರುಗಲಿಲ್ಲ ಅಂದರೆ ಆ ತಿರುಚು ಎಲ್ಲಿಗೆ ಹೋಗುತ್ತದೆ? ಮೊಣಕಾಲಿಗೆ. ಹಾಗಂತ ಸೋಲ್ ನುಣ್ಣಗಿದ್ದರೆ ಒದ್ದೆ ಟೀ ಪ್ಯಾಡ್ (ಪ್ರತಿ ಹೋಲ್‌ನ ಮೊದಲ ಎಸೆತಕ್ಕೆ ನಿಲ್ಲುವ ಜಾಗ) ಮೇಲೆ ಕಾಲು ಜಾರಿ ಬಿದ್ದೇಬಿಡುತ್ತೀರಿ. ಬಿಗಿಯಾಗಿ ನಿಲ್ಲಬೇಕು, ತಿರುಗೋಕೂ ಬಿಡಬೇಕು. ಶೂ ಆರಿಸುವಾಗ ಯೋಚಿಸಬೇಕಾದ್ದು ಈ ಬಲಗಾಲಿನ ಬಗ್ಗೆ. ಎಡಗೈಯವರಿಗೆ ಎಡಗಾಲು.

ರನ್ನಿಂಗ್ ಶೂ ಇದಕ್ಕೆ ಹೊಂದೋದಿಲ್ಲ. ಅದು ನೇರ ಮುಂದಕ್ಕೆ ಓಡಲು ಮಾಡಿದ್ದು. ಅಡಿಯಲ್ಲಿ ದಪ್ಪ ಮೆತ್ತೆ, ಬದಿಯಲ್ಲಿ ತೆಳು ಬಟ್ಟೆ. ಅಡ್ಡಕ್ಕೆ ಭಾರ ಬಿದ್ದಾಗ ಮೆತ್ತೆ ಒಂದು ಕಡೆ ಕುಸಿಯುತ್ತದೆ, ಪಾದ ಶೂ ಒಳಗೇ ಸರಿದು ಅಂಚಿಗೆ ಬರುತ್ತದೆ, ಕಾಲು ಉಳುಕುತ್ತದೆ. ಟ್ರೇಲ್ ಶೂ ಅಥವಾ ಹಗುರಾದ ಹೈಕಿಂಗ್ ಶೂ ವಾಸಿ. ನೆಲಕ್ಕೆ ಹತ್ತಿರ ಇರುವಂಥದ್ದು, ಹಿಮ್ಮಡಿಯ ಹಿಂಭಾಗ ಒತ್ತಿದರೆ ಕುಗ್ಗದಂಥದ್ದು. ಅಂಗಡಿಯಲ್ಲಿ ಶೂ ಕೈಯಲ್ಲಿ ಹಿಡಿದು ಬಗ್ಗಿಸಿ. ಬೆರಳುಗಳ ಬುಡದಲ್ಲಿ ಬಗ್ಗಬೇಕು, ನಡುವಲ್ಲಿ ಮಡಚಿಕೊಂಡರೆ ವಾಪಸ್ ಇಟ್ಟುಬಿಡಿ.

ಅಡಿಯ ರಬ್ಬರ್ ಹಲ್ಲುಗಳ ವಿಷಯಕ್ಕೆ ಬಂದರೆ, ಆಳ ಇದ್ದಷ್ಟೂ ಒಳ್ಳೆಯದು ಅನ್ನೋ ನಂಬಿಕೆ ಇದೆ. ಕೆಸರಿನಲ್ಲಿ ಅದು ನಿಜ. ಆದರೆ ಕಾಂಕ್ರೀಟ್ ಟೀ ಪ್ಯಾಡ್ ಮೇಲೆ ಆಳವಾದ, ದೂರದೂರದ ಹಲ್ಲಿದ್ದರೆ ನೆಲಕ್ಕೆ ತಾಗುವ ರಬ್ಬರೇ ಕಮ್ಮಿ. ಒದ್ದೆಯಾದಾಗ ಜಾರುತ್ತದೆ. ಹುಲ್ಲಲ್ಲಿ ಅದೇ ಹಲ್ಲು ಕಚ್ಚಿಕೊಂಡು ಪಾದ ತಿರುಗೋಕೆ ಬಿಡೋದಿಲ್ಲ. 3ರಿಂದ 4 ಮಿಲಿಮೀಟರ್ ಹಲ್ಲು, ಮೆದು ರಬ್ಬರ್ ಇದ್ದರೆ ಎರಡಕ್ಕೂ ಆಗುತ್ತದೆ ಅನ್ನೋದು ನನ್ನ ಅನುಭವ. ಕ್ರಿಕೆಟ್ ಸ್ಪೈಕ್ ಮನೇಲಿದೆ ಅಂತ ಅದನ್ನು ತರಬೇಡಿ. ಟೀ ಪ್ಯಾಡ್ ಹಾಳಾಗುತ್ತದೆ, ಕಾಂಕ್ರೀಟ್ ಮೇಲೆ ಲೋಹ ಜಾರುತ್ತದೆ, ಎಲ್ಲಕ್ಕಿಂತ ಮೊದಲು ಮೊಣಕಾಲು ಕೆಡುತ್ತದೆ.

ಇನ್ನೊಂದು ಕಾಲನ್ನೂ ಮರೆಯೋ ಹಾಗಿಲ್ಲ. ಎಸೆದ ಮೇಲೆ ಎಡಗಾಲಿನ ತುದಿ ನೆಲ ಉಜ್ಜಿಕೊಂಡು ಬರುತ್ತದೆ. ಹಳೇ ಆಟಗಾರರ ಶೂ ನೋಡಿ, ಬಲದ್ದು ಹೊಸದರಂತೆ ಇರುತ್ತದೆ, ಎಡದ್ದು ಹೆಬ್ಬೆರಳ ಹತ್ತಿರ ಸವೆದು ತೂತಾಗಿರುತ್ತದೆ. ಅಲ್ಲಿ ರಬ್ಬರ್ ಹೊದಿಕೆ ಸುತ್ತಿ ಬಂದಿರುವ ಶೂ ಆರಿಸಿದರೆ ಆಯುಸ್ಸು ಜಾಸ್ತಿ.

ಈಗ ನಮ್ಮವರಿಗಂತಲೇ ಹೇಳಬೇಕಾದ ಒಂದು ಮಾತು. ನಾವು ಶೂ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗುವವರು. ಹೋಗ್ತಾ ಬರ್ತಾ ಲೇಸ್ ಬಿಚ್ಚಿ ಕಟ್ಟುವ ವ್ಯವಧಾನ ಯಾರಿಗಿದೆ? ಅದಕ್ಕೇ ಲೇಸ್ ಸಡಿಲವಾಗಿ ಒಮ್ಮೆ ಕಟ್ಟಿ, ಸುಮ್ನೆ ಕಾಲು ತೂರಿಸಿಕೊಳ್ಳುತ್ತೇವೆ. ಹಿಮ್ಮಡಿಯ ಭಾಗ ಚಪ್ಪಟೆಯಾಗಿ ನೂರೈವತ್ತು ಡಾಲರ್ ಶೂ ಚಪ್ಪಲಿಯಾಗುತ್ತದೆ. ಮನೆಯ ಅಭ್ಯಾಸ ಒಳ್ಳೆಯದೇ, ಬಿಡಬೇಡಿ. ಆದರೆ ಆಟದ ಶೂ ಬೇರೆ ಇರಲಿ, ಕಾರ್ ಡಿಕ್ಕಿಯಲ್ಲೇ ಇರಲಿ. ಕೋರ್ಸ್‌ಗೆ ಹೋಗಿ ಕೂತು, ಹಿಮ್ಮಡಿ ಹಿಂದಕ್ಕೆ ತಳ್ಳಿ, ಕೊನೆಯ ತೂತಿನವರೆಗೂ ಲೇಸ್ ಹಾಕಿ ಬಿಗಿದು ಕಟ್ಟಿ. ಎಷ್ಟೇ ಒಳ್ಳೆ ಶೂ ಇದ್ದರೂ ಇದಿಲ್ಲದಿದ್ದರೆ ಪ್ರಯೋಜನ ಇಲ್ಲ.

ಅಳತೆಯಲ್ಲೂ ನಮಗೊಂದು ತೊಡಕಿದೆ. ಭಾರತದಲ್ಲಿ ಬರಿಗಾಲಲ್ಲೇ ಓಡಾಡುವವರ ಪಾದಗಳನ್ನು ಅಳೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಶೂ ಹಾಕುವವರಿಗಿಂತ ಅವರ ಪಾದ ಅಗಲ ಅಂತ ಕಂಡುಬಂತು. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ನಮ್ಮಲ್ಲಿ ಹಲವರಿಗೆ ಇಲ್ಲಿನ ಶೂ ಮುಂದೆ ಒತ್ತುತ್ತದೆ. ಆಗ ಉದ್ದದಲ್ಲಿ ಒಂದು ಸೈಜ್ ದೊಡ್ಡದು ತಗೊಂಡು ಸಮಾಧಾನ ಮಾಡಿಕೊಳ್ಳುತ್ತೇವೆ, ಹಿಮ್ಮಡಿ ಲೊಡಲೊಡ ಅನ್ನುತ್ತದೆ. ಕೇಳಬೇಕಾದ್ದು ಅಗಲ. ಗಂಡಸರಿಗೆ ಮಾಮೂಲು ಡಿ, ಅಗಲ ಬೇಕಾದರೆ 2ಇ, ಇನ್ನೂ ಬೇಕಾದರೆ 4ಇ. ಹೆಂಗಸರಿಗೆ ಮಾಮೂಲು ಬಿ, ಅಗಲದ್ದು ಡಿ. ನಮ್ಮ ಬಾಸ್ಟನ್‌ನದೇ ಕಂಪನಿ ನ್ಯೂ ಬ್ಯಾಲೆನ್ಸ್ ಈ ಅಗಲಗಳಿಗೆ ಮೊದಲಿಂದ ಹೆಸರುವಾಸಿ. ಸಂಜೆ ಹೊತ್ತು ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಆಟಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ.

ವಾಟರ್‌ಪ್ರೂಫ್ ಬೇಕಾ? ಏಪ್ರಿಲ್‌ನಲ್ಲಿ, ಅಕ್ಟೋಬರ್ ಮೇಲೆ ಬೇಕು. ಬೇಸಿಗೆಯಲ್ಲಿ ಬೇಡ. ಗೋರ್‌ಟೆಕ್ಸ್ ಪದರ ಹೊರಗಿನ ನೀರನ್ನು ತಡೆಯುತ್ತದೆ ನಿಜ, ಆದರೆ ಹೊಂಡದಲ್ಲಿ ಕಾಲಿಟ್ಟು ಮೇಲಿನಿಂದ ನೀರು ನುಗ್ಗಿದರೆ ಒಳಗೇ ನಿಂತುಬಿಡುತ್ತದೆ. ಹತ್ತಿ ಕಾಲುಚೀಲ ಯಾವ ಕಾಲಕ್ಕೂ ಬೇಡ. ಮೆರಿನೋ ಉಣ್ಣೆಯದು ಹಾಕಿ, ಬ್ಯಾಗಲ್ಲಿ ಇನ್ನೊಂದು ಜೊತೆ ಇಡಿ.

ಕಾಲುಚೀಲ ಉದ್ದ ಇರಲಿ ಅನ್ನೋದಕ್ಕೆ ಬೇರೆ ಕಾರಣವೂ ಇದೆ. ದಿಕ್ಕು ತಪ್ಪಿದ ಡಿಸ್ಕ್ ಹುಡುಕಲು ಪೊದೆಗೆ ನುಗ್ಗುತ್ತೇವಲ್ಲ, ಅಲ್ಲಿ ಉಣುಗು ಇರುತ್ತದೆ. ಮಲೆನಾಡಿನಿಂದ ಬಂದವರಿಗೆ ಬಿಡಿಸಿ ಹೇಳಬೇಕಿಲ್ಲ, ಮಂಗನ ಕಾಯಿಲೆ ಕಂಡ ಊರು ನಿಮ್ಮದು. ಇಲ್ಲಿನ ಉಣುಗು ಲೈಮ್ ಕಾಯಿಲೆ ತರುತ್ತದೆ. ಮೇ, ಜೂನ್, ಜುಲೈನಲ್ಲಿ ಅದರ ಮರಿಗಳು ಗಸಗಸೆ ಕಾಳಿನಷ್ಟೇ ಇರುತ್ತವೆ, ಕಣ್ಣಿಗೆ ಬೀಳೋದೇ ಇಲ್ಲ. ಪ್ಯಾಂಟನ್ನು ಕಾಲುಚೀಲದ ಒಳಗೆ ಸೇರಿಸಿ. ಶೂ ಮೇಲೆ 0.5 ಶೇಕಡಾ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಸಿಂಪಡಿಸಿ ಹೊರಗೆ ಒಣಗಿಸಿ. ಅದು ಶೂಗೆ, ಬಟ್ಟೆಗೆ ಮಾತ್ರ, ಚರ್ಮಕ್ಕಲ್ಲ. ಬೆಕ್ಕಿರುವ ಮನೆಯವರು ಪೂರ್ತಿ ಒಣಗುವ ತನಕ ಒಳಗೆ ತರಬಾರದು, ಬೆಕ್ಕಿಗೆ ಅದು ವಿಷ. ಮನೆಗೆ ಬಂದ ಕೂಡಲೇ ಮಂಡಿ ಹಿಂಭಾಗ, ತೊಡೆಸಂದು ನೋಡಿಕೊಳ್ಳಿ. ಸಾಮಾನ್ಯವಾಗಿ ಒಂದು ದಿನಕ್ಕಿಂತ ಜಾಸ್ತಿ ಕಚ್ಚಿಕೊಂಡಿದ್ದರೇ ಕಾಯಿಲೆ ಹರಡೋದು, ಹಾಗಾಗಿ ಅವತ್ತೇ ಕಿತ್ತರೆ ಬಹುಪಾಲು ಅಪಾಯ ತಪ್ಪುತ್ತದೆ.

ಊರಿಂದ ಬರುವ ಅಪ್ಪ, ಅಮ್ಮ, ಅತ್ತೆ, ಮಾವನವರ ಬಗ್ಗೆ ನನಗೆ ಹೆಚ್ಚು ಕಾಳಜಿ. ಬೇಸಿಗೆಯಲ್ಲಿ ಅವರೂ ಜೊತೆಗೆ ಬರುತ್ತಾರೆ, ಎರಡು ಹೋಲ್ ನೋಡಿ ತಾವೂ ಒಂದು ಕೈ ಎಸೀತೀನಿ ಅನ್ನುತ್ತಾರೆ. ಖಂಡಿತ ಎಸೆಯಲಿ. ಆದರೆ ಚಪ್ಪಲಿಯಲ್ಲಿ ಬೇಡ. ಅವರು ಬಂದ ವಾರವೇ ಒಂದು ಜೊತೆ ಗಟ್ಟಿ ಶೂ ಕೊಡಿಸಿ, ನಾಲ್ಕು ದಿನ ಮನೆ ಸುತ್ತ ಹಾಕಿ ಓಡಾಡಲಿ. ಓಡಿ ಬಂದು ಎಸೆಯೋದು ಬೇಡ, ನಿಂತಲ್ಲೇ ಎಸೆಯಲು ನಿಯಮದಲ್ಲಿ ಯಾವ ಅಡ್ಡಿಯೂ ಇಲ್ಲ. ಬುಟ್ಟಿಯಿಂದ 10 ಮೀಟರ್ ಒಳಗಂತೂ ಎಸೆದ ಮೇಲೆ ಸ್ಥಿರವಾಗಿ ನಿಂತು ತೋರಿಸಿಯೇ ಮುಂದೆ ಹೆಜ್ಜೆ ಇಡಬೇಕು. ನಿಧಾನವಾಗಿ ಆಡುವ ಹಿರಿಯರಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ಈ ಸೀಸನ್‌ಗೆ ಮೊದಲ ಸಲ ಬರುವವರು ಡಿಸ್ಕ್ ಕೊಳ್ಳಲೇಬೇಕಿಲ್ಲ, ನಮ್ಮಲ್ಲಿ ಎರವಲು ಕೊಡುವಷ್ಟಿವೆ. ಶೂ ಮಾತ್ರ ಎರವಲು ಕೊಡೋಕಾಗೋದಿಲ್ಲ, ಅದನ್ನು ನೀವೇ ತರಬೇಕು.

— ಸಂಪಾದಕಿ