ಕನ್ನಡ ಶಾಲೆಯ ಸೂರು ಸೋರುತ್ತಿದೆ, ಹಿಮ ಬೀಳುವ ಮುಂಚೆ ಕೈಜೋಡಿಸಿ

ಆತ್ಮೀಯ ಕನ್ನಡ ಬಂಧುಗಳೇ, ನಮಸ್ಕಾರ.

ಓಹಾಯೋದ ಮೆಕ್ಕೆಜೋಳದ ಹೊಲಗಳ ನಡುವಿನ ನಮ್ಮ ಇಟ್ಟಿಗೆ ಮನೆ ನಿಮಗೆ ಹೊಸದಲ್ಲ. ನಿಮ್ಮಲ್ಲಿ ಎಷ್ಟೋ ಜನ ಅದರ ಕಿಟಕಿಗಳಿಗೆ ಬಣ್ಣ ಹೊಡೆದವರೇ. ಕಳೆದ ಸಲ ಹಿಮ ಕರಗಿದಾಗ ಮಹಡಿಯ ಕೋಣೆಗಳೆಲ್ಲ ಸೋರಿದವು. ಅಂದಿನಿಂದ ಭಾನುವಾರದ ಎಲ್ಲ ತರಗತಿಗಳೂ ಅಡುಗೆಮನೆಯಲ್ಲೇ. ಒಂದು ಮೂಲೆಯಲ್ಲಿ ಕಾಗುಣಿತ, ಇನ್ನೊಂದರಲ್ಲಿ ಪದ್ಯ, ಯಾರಿಗೂ ಏನೂ ಕೇಳಿಸುವುದಿಲ್ಲ. ಒಂದೂವರೆ ಗಂಟೆ ಕಾರು ಓಡಿಸಿಕೊಂಡು ಬರುವ ಟೀಚರುಗಳು ಗೊಣಗುವುದಿಲ್ಲ, ನಮಗೇ ಸಂಕೋಚ.

ನಮ್ಮದು ಇಟಾಲಿಯನೇಟ್ ಮನೆ, ಅಂದರೆ ಇಟಲಿಯ ಹಳ್ಳಿಮನೆಗಳ ಮಾದರಿಯದು. ಇಂಥ ಮನೆಗಳ ಅಂದವೆಲ್ಲ ಸೂರಿನಲ್ಲಿದೆ. ಕಾಯಿಲೆಯೂ ಅಲ್ಲೇ. ಛಾವಣಿಗೆ ಇಳಿಜಾರು ಕಡಿಮೆ, ಸೂರು ಗೋಡೆಯಿಂದ ಬಹಳ ಮುಂದೆ ಚಾಚಿರುತ್ತದೆ. ಮಳೆನೀರಿನ ದೋಣಿ ಹೊರಗೆ ಕಾಣಬಾರದೆಂದು ಆಗಿನ ಬಡಗಿಗಳು ಅದನ್ನು ಸೂರಿನ ಮರದೊಳಗೇ ಅಡಗಿಸಿ ತಗಡು ಹೊದಿಸಿದರು. ತಗಡು ತೂತಾದರೆ ನೀರು ಸೀದಾ ಮರಕ್ಕಿಳಿಯುತ್ತದೆ. ಕೆಳಗೆ ಸೂರಿಗೆ ಆನಿಕೆಯಂತೆ ಜೋಡಿ ಜೋಡಿಯಾಗಿರುವ ಕೆತ್ತನೆಯ ಮದನಕೈಗಳು ಈಗ ಬೆರಳಿಟ್ಟರೆ ಪುಡಿಯಾಗುತ್ತವೆ.

ಇಂಗ್ಲೆಂಡಿನಲ್ಲಿ ವಾಸ್ತುಶಿಲ್ಪಿ ಜಾನ್ ನ್ಯಾಶ್ ಸುಮಾರು 1802ರಲ್ಲಿ ಕ್ರಾಂಕ್‌ಹಿಲ್ ಎಂಬ ಹಳ್ಳಿಮನೆಗೆ ತಂದ ಶೈಲಿ ಇದು. ಅಮೆರಿಕದಲ್ಲಿ 1840ರ ನಂತರ ತೋಟ ವಿನ್ಯಾಸಕ ಆಂಡ್ರ್ಯೂ ಜಾಕ್ಸನ್ ಡೌನಿಂಗ್ ಅವರ ಮನೆ ನಕ್ಷೆಗಳ ಪುಸ್ತಕಗಳು ಇದನ್ನು ರೈತರವರೆಗೂ ಮುಟ್ಟಿಸಿದವು. ಹಬೆಯಿಂದ ಓಡುವ ಗರಗಸ ಬಂದು ಕೆತ್ತನೆಯೂ ಅಗ್ಗವಾಯಿತು. 1870ರ ದಶಕದ ನಮ್ಮ ಮನೆ ಹಾಗೆ ಎದ್ದದ್ದು. ನೆತ್ತಿಯ ಮೇಲಿನ ಚೌಕ ಗೋಪುರವಂತೂ ನಮ್ಮೂರ ತೊಟ್ಟಿಮನೆಯ ತೊಟ್ಟಿಯಂತೆ. ಬೇಸಿಗೆಯಲ್ಲಿ ಅದರ ಕಿಟಕಿ ತೆರೆದರೆ ಮನೆಯ ಬಿಸಿಗಾಳಿಯೆಲ್ಲ ಮೇಲಿಂದ ಹೊರಗೆ ಹೋಗುತ್ತದೆ. ಇದೇ ಮನೆಯ ಜಗಲಿಯಲ್ಲಿ ಮಕ್ಕಳು ಆಡಿದ ನಾಟಕ ನೋಡಿ, ಊರಿಂದ ಬಂದಿದ್ದ ಅಜ್ಜಿಯರು ಕಣ್ಣೊರೆಸಿಕೊಂಡದ್ದು ನೆನಪಿದೆಯಲ್ವಾ? ಇಲ್ಲಿ ಅಕ್ಷರ ಕಲಿತ ಮಕ್ಕಳು ಇಂದು ಇಲ್ಲೇ ಪಾಠ ಹೇಳುತ್ತಿದ್ದಾರೆ. ಇಂಥ ಶಾಲೆ ಸುತ್ತಮುತ್ತ ಇನ್ನೊಂದಿಲ್ಲ ಎಂದರೆ ಜಂಬವೆನಿಸಬಹುದು, ಆದರೂ ನಿಜ.

ಹಳೇ ದೋಣಿ ಮುಚ್ಚಿ ಅಲ್ಯೂಮಿನಿಯಂ ದೋಣಿ ನೇತುಹಾಕಿದರೆ ಕಾಲು ಭಾಗದ ಖರ್ಚಿನಲ್ಲಿ ಮುಗಿಯುತ್ತದೆ ಎಂದರು ಒಬ್ಬ ಗುತ್ತಿಗೆದಾರರು. ನಾವು ಒಪ್ಪಲಿಲ್ಲ. ಮನೆಯ ಮುಖವೇ ಹೋಗುತ್ತದೆ. ತಾಮ್ರದ ತಗಡು ಹೊದಿಸಿ, ಕೊಳೆತ ಮದನಕೈಗಳನ್ನು ಹಳೆಯ ಅಚ್ಚಿನಲ್ಲೇ ಮಾಡಿಸಲು ಹೆಚ್ಚುಕಡಿಮೆ 45 ಸಾವಿರ ಡಾಲರ್ ಬೇಕು. ಮರ ಬಿಚ್ಚಿದ ಮೇಲೆ ಇನ್ನೂ ಜಾಸ್ತಿಯಾದೀತು. ಕೈಯಲ್ಲಿರುವುದು ಅದರ ಮೂರನೇ ಒಂದು ಭಾಗ. ಸೆಪ್ಟೆಂಬರ್ ಕೊನೆಯೊಳಗೆ ಮುಂಗಡ ಕೊಡದಿದ್ದರೆ ಬಡಗಿ ಸಿಗುವುದು ಮುಂದಿನ ವಸಂತಕ್ಕೇ.

ನೂರು ಡಾಲರಾದರೂ ಸರಿ, ಸಾವಿರವಾದರೂ ಸರಿ, ಖಜಾಂಚಿಯವರಿಗೆ ಚೆಕ್ ಕಳಿಸಿ. ತೆರಿಗೆ ವಿನಾಯಿತಿಯ ರಸೀದಿ ಕೊಡುತ್ತೇವೆ. ನಿಮ್ಮ ಕಂಪನಿ ಅಷ್ಟೇ ಮೊತ್ತ ಸೇರಿಸಿಕೊಡುವುದಾದರೆ ಆ ಅರ್ಜಿಯನ್ನೂ ಮರೆಯದೆ ತುಂಬಿ.

ಇಂತಿ,
ಶಾಲೆಯ ಧರ್ಮದರ್ಶಿಗಳು