ಮೊಬೈಲ್ ಕಿತ್ತುಕೊಂಡರೆ ಮಕ್ಕಳು ಬಾಯಿ ಬಿಡುತ್ತಾರಾ?

ಸಂಪಾದಕರಿಗೆ ನಮಸ್ಕಾರ,

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಹೇಳಿಕೊಡುತ್ತೇನೆ. ಇನ್‌ಸ್ಟಾಗ್ರಾಮ್‌ನಲ್ಲಿ ಯಾರೋ ಕಾಟ ಕೊಟ್ಟರೆ ಮಗು ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಪೋಷಕರು ಕೇಳುತ್ತಾರೆ. ಹೇಳಿದರೆ ಮೊದಲು ಹೋಗುವುದು ಮಗುವಿನ ಮೊಬೈಲ್, ಅದಕ್ಕೇ. ಕಾಟ ಕೊಟ್ಟವರು ಬೇರೆ, ಶಿಕ್ಷೆ ಇವರಿಗೆ.

ಹಾಗಂತ ಮಕ್ಕಳು ಸುಮ್ನೆ ಕೂರುವುದಿಲ್ಲ. ಬ್ಲಾಕ್ ಮಾಡುತ್ತಾರೆ. ಆದರೆ ಕಾಟ ಕೊಡುವವನು ಅದೇ ಕ್ಲಾಸಿನವನಾದರೆ ಮರುದಿನ 'ಯಾಕೆ ಬ್ಲಾಕ್ ಮಾಡಿದೆ' ಅಂತ ಇನ್ನೂ ಜಾಸ್ತಿ ಆಗುತ್ತದೆ. ಅದಕ್ಕೆ ಕೆಲವರು 'ರಿಸ್ಟ್ರಿಕ್ಟ್' ಒತ್ತುತ್ತಾರೆ. ಆಮೇಲೆ ಅವನು ಹಾಕುವ ಕಮೆಂಟ್, ಇವರು ಒಪ್ಪದ ಹೊರತು, ಅವನಿಗೊಬ್ಬನಿಗೇ ಕಾಣುತ್ತದೆ. ಜಾಣ ಉಪಾಯ, ಅಲ್ವಾ? ಗೆಳತಿಯರೆಲ್ಲ ಸೇರಿ ಫೇಕ್ ಅಕೌಂಟ್ ರಿಪೋರ್ಟ್ ಮಾಡುವುದೂ ಇದೆ. ತಿರುಗಿ ಬೈದು ತಾವೇ ಸಿಕ್ಕಿಬೀಳುವವರೂ ಇದ್ದಾರೆ. ಹೆದರಿದವರು ಮಾತ್ರ ಎಲ್ಲವನ್ನೂ ಡಿಲೀಟ್ ಮಾಡಿಬಿಡುತ್ತಾರೆ. ಆಮೇಲೆ ದೂರು ಕೊಡೋಣವೆಂದರೆ ಸಾಕ್ಷಿಯೇ ಇಲ್ಲ. ಬೈಗುಳ, ಬೆದರಿಕೆಯ ಮೆಸೇಜು ಬಂದರೆ ಮೊದಲು ಸ್ಕ್ರೀನ್‌ಶಾಟ್, ಅಕೌಂಟಿನ ಲಿಂಕ್, ತಾರೀಕು ಇಟ್ಟುಕೊಳ್ಳಬೇಕು.

ದೊಡ್ಡವರಿಗೂ ಒಂದು ಮಾತು. ಮಗುವಿನ ಅಶ್ಲೀಲ ಚಿತ್ರ ಯಾರೋ ಹರಿಯಬಿಟ್ಟರೆ, 'ನೋಡಿ ಹೀಗೂ ಮಾಡ್ತಾರೆ' ಎಂದು ಅದನ್ನು ಸೊಸೈಟಿ ಗ್ರೂಪಿಗೆ ಹಾಕಬೇಡಿ. ಅಂಥ ಚಿತ್ರ ಹಂಚುವುದೇ ಐಟಿ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲಾಗಬಹುದು. ಸೈಬರ್ ಅಪರಾಧದ ಸರಕಾರಿ ಪೋರ್ಟಲ್‌ನಲ್ಲಿ ಇಂಥದ್ದಕ್ಕೆ ನಿಮ್ಮ ಹೆಸರು ಹೇಳದೆಯೂ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098. ಮಗು ಊಟ ನಿದ್ದೆ ಬಿಟ್ಟು ಮಂಕಾಗಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ. ಮರಾಠಿ, ಹಿಂದಿಯಲ್ಲಿ ಮನಸ್ಸು ಬಿಚ್ಚಲಾಗದ ನಮ್ಮ ಎಷ್ಟೋ ತಾಯಂದಿರಿಗೆ ಇದು ಗೊತ್ತೇ ಇಲ್ಲ.

ಮುಂಬಯಿಯ ನಮ್ಮ ಕನ್ನಡಿಗರ ಸಂಘಗಳು ಮಕ್ಕಳಿಗೆ ಪುಸ್ತಕ, ವಿದ್ಯಾರ್ಥಿವೇತನ ಕೊಡುವ ಕಾರ್ಯಕ್ರಮ ಮಾಡುತ್ತವೆ. ಸಂತೋಷ. ಅಲ್ಲಿ ನಾಲ್ಕು ಶಾಲು, ಎರಡು ಭಾಷಣ ಕಡಿಮೆಯಾದರೆ ಯಾರಿಗೂ ನಷ್ಟವಿಲ್ಲ. ಆ ಹೊತ್ತಿನಲ್ಲಿ ಅಪ್ಪ ಅಮ್ಮಂದಿರನ್ನು ಕೂರಿಸಿ, ಕಾಲೇಜಿಗೆ ಹೋಗುವ ನಮ್ಮ ಹುಡುಗಿಯರೇ ಇದನ್ನೆಲ್ಲ ಮೊಬೈಲಿನಲ್ಲಿ ತೋರಿಸಿಕೊಡಲಿ. ಮಧ್ಯಾಹ್ನ ಊಟದ ಗಿರಾಕಿ ಮುಗಿದ ಮೇಲೆ ಇಟ್ಟುಕೊಂಡರೆ ಹೋಟೆಲಿನಲ್ಲಿ ದುಡಿಯುವ ಅಪ್ಪಂದಿರೂ ಬಂದಾರು.

– ಟ್ಯೂಷನ್ ಟೀಚರ್, ಡೊಂಬಿವಲಿ ಪೂರ್ವ